ಒಂದು ಪೀಸೊದಿಂದ ಶುರು ಮಾಡಿ: ಹೋಸೆ ರಿಜಾಲ್ ನಾಣ್ಯ, ಪದಕ ಸಂಗ್ರಹಿಸುವುದು ಹೇಗೆ

ಫಿಲಿಪ್ಪೀನ್ಸ್ ನಾಣ್ಯ ಸಂಗ್ರಹ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಮಾತು. ದೇಶ ಪೂರ್ತಿ ಹಿಡಿಯೋಕೆ ಹೋಗಬೇಡಿ, ಒಬ್ಬ ಮನುಷ್ಯನ ಮುಖ ಹಿಡಿಯಿರಿ. ಆ ಮುಖ ಅಲ್ಲಿನ ಜನ ರಾಷ್ಟ್ರನಾಯಕ ಅಂತ ಕಾಣುವ ಹೋಸೆ ರಿಜಾಲ್ ಅವರದು. ನಮ್ಮ ನೋಟಿನ ಮೇಲೆ ಗಾಂಧೀಜಿ ಇದ್ದ ಹಾಗೆ ಅಲ್ಲಿನ ಒಂದು ಪೀಸೊ ನಾಣ್ಯದ ಮೇಲೆ ರಿಜಾಲ್. 1972ರಿಂದ ಇವತ್ತಿನವರೆಗೆ ಸರ್ಕಾರಗಳು ಬದಲಾದವು, ಲೋಹ ಬದಲಾಯಿತು, ನಾಣ್ಯದ ಗಾತ್ರ ಕುಗ್ಗಿತು, ಹಿಂದಿನ ಚಿತ್ರ ಬದಲಾಯಿತು, ಆದರೆ ದಿನಬಳಕೆಯ ಒಂದು ಪೀಸೊದ ಮೇಲೆ ಈ ಮನುಷ್ಯ ಮಾತ್ರ ಹಾಗೇ ಉಳಿದಿದ್ದಾರೆ. ಅದಕ್ಕೇ ಐದಾರು ನಾಣ್ಯ ಸಾಲಾಗಿ ಇಟ್ಟರೆ ಅರ್ಧ ಶತಮಾನದ ಕಥೆ ಕಣ್ಣೆದುರು ಬರುತ್ತದೆ. ಖರ್ಚೂ ಕಡಿಮೆ.

ಇನ್ನೂ ಒಂದು ಕಾರಣ ಇದೆ. ಫಿಲಿಪ್ಪೀನ್ಸ್‌ನ ಹೊಸ ಪಾಲಿಮರ್ ನೋಟುಗಳಲ್ಲಿ ದೇಶದ ನಾಯಕರ ಮುಖ ತೆಗೆದು ಹದ್ದು, ಜಿಂಕೆ ಮುಂತಾದ ಪ್ರಾಣಿ ಪಕ್ಷಿಗಳನ್ನು ಹಾಕುತ್ತಿದ್ದಾರೆ. 2022ರಲ್ಲಿ ಸಾವಿರದ ನೋಟು ಹೀಗೆ ಬಂತು, 2024ರ ಕೊನೆಗೆ ಐನೂರು, ನೂರು, ಐವತ್ತರದ್ದೂ ಬಂದವು. ಹಳೆಯ ಕಾಗದದ ನೋಟು ಇನ್ನೂ ಓಡಾಡುತ್ತಿವೆ ನಿಜ. ಆದರೂ ಸ್ವಾತಂತ್ರ್ಯ ಹೋರಾಟದ ಮುಖಗಳಿಗೆ ಈಗ ಗಟ್ಟಿ ಜಾಗ ಅಂತ ಇರುವುದು ನಾಣ್ಯದಲ್ಲೇ.

ಮೊದಲು ಐದು ನಿಮಿಷ ಈ ಮನುಷ್ಯನ ಬಗ್ಗೆ ತಿಳಿದುಕೊಳ್ಳಿ. ಸುಮ್ನೆ ಜೀವನಚರಿತ್ರೆ ಓದಲಿ ಅಂತ ಹೇಳುತ್ತಿಲ್ಲ, ಮುಂದೆ ಪದಕ ಕೈಗೆ ಬಂದಾಗ ಅದರ ಮೇಲಿನ ತಾರೀಕು ಏನು ಅಂತ ಗೊತ್ತಾಗಬೇಕಲ್ವಾ, ಅದಕ್ಕೆ. ಹುಟ್ಟಿದ್ದು 1861ರ ಜೂನ್ 19, ಲಗೂನಾ ಪ್ರಾಂತ್ಯದ ಕಲಾಂಬಾ ಊರಲ್ಲಿ. ಓದಿದ್ದು ವೈದ್ಯಕೀಯ, ಮನಿಲಾದಲ್ಲಿ ಶುರು ಮಾಡಿ ಮ್ಯಾಡ್ರಿಡ್‌ನಲ್ಲಿ ಮುಗಿಸಿದರು. ತಾಯಿಯ ಕಣ್ಣು ಮಂಜಾಗುತ್ತಿತ್ತು, ಹಾಗಾಗಿ ಪ್ಯಾರಿಸ್ ಮತ್ತು ಹೈಡೆಲ್ಬರ್ಗ್‌ನಲ್ಲಿ ಕಣ್ಣಿನ ಚಿಕಿತ್ಸೆಯನ್ನೇ ವಿಶೇಷವಾಗಿ ಕಲಿತರು. ಸ್ಪೇನಿನ ಆಳ್ವಿಕೆಯನ್ನೂ ಪಾದ್ರಿಗಳ ದಬ್ಬಾಳಿಕೆಯನ್ನೂ ಬಯಲಿಗೆಳೆದ ಎರಡು ಕಾದಂಬರಿ ಬರೆದರು. ಒಂದು 1887ರಲ್ಲಿ ಬರ್ಲಿನ್‌ನಲ್ಲಿ ಅಚ್ಚಾಯಿತು, ಇನ್ನೊಂದು 1891ರಲ್ಲಿ ಬೆಲ್ಜಿಯಂನ ಗೆಂಟ್‌ನಲ್ಲಿ. 1892ರಲ್ಲಿ ಊರಿಗೆ ಬಂದು ಲಾ ಲೀಗಾ ಫಿಲಿಪೀನಾ ಅನ್ನುವ ಸಂಘ ಕಟ್ಟಿದ ಕೂಡಲೇ ಹಿಡಿದು ಮಿಂದನಾವೊ ದ್ವೀಪದ ದಪಿತಾನ್‌ಗೆ ಗಡಿಪಾರು ಮಾಡಿದರು. ಅಲ್ಲಿ ನಾಲ್ಕು ವರ್ಷ ಆಸ್ಪತ್ರೆ ನಡೆಸಿದರು, ಮಕ್ಕಳಿಗೆ ಪಾಠ ಹೇಳಿದರು. 1896ರ ಡಿಸೆಂಬರ್ 30ರ ಬೆಳಗ್ಗೆ ಮನಿಲಾದ ಬಗುಂಬಾಯನ್ ಮೈದಾನದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆಗ ವಯಸ್ಸು 35.

ಇದರಲ್ಲಿ ನೆನಪಿಟ್ಟುಕೊಳ್ಳಬೇಕಾದ್ದು ಜೂನ್ 19 ಮತ್ತು ಡಿಸೆಂಬರ್ 30. ಡಿಸೆಂಬರ್ 30 ಅಲ್ಲಿ ರಿಜಾಲ್ ದಿನ, ಸರ್ಕಾರಿ ರಜೆ. ನಾಣ್ಯ, ಪದಕ ಹೊರಬರುವುದಕ್ಕೆ ಒಂದು ನೆಪ ಬೇಕು. ರಿಜಾಲ್ ವಿಷಯದಲ್ಲಿ ದೊಡ್ಡ ನೆಪಗಳು ಹುಟ್ಟಿ ನೂರು ವರ್ಷವಾದ 1961, ಬಲಿದಾನಕ್ಕೆ ನೂರು ತುಂಬಿದ 1996, ಹುಟ್ಟಿ ನೂರೈವತ್ತಾದ 2011. ಪದಕದ ಮೇಲೆ 1861-1961 ಅಂತ ಇದ್ದರೆ ಅದು ಜನ್ಮ ಶತಮಾನೋತ್ಸವದ್ದು, 1896-1996 ಅಂತ ಇದ್ದರೆ ಬಲಿದಾನದ್ದು. ಇಷ್ಟು ಗೊತ್ತಿದ್ದರೆ ವ್ಯಾಪಾರಿ ಏನೇ ಕಥೆ ಹೇಳಿದರೂ ನೀವೇ ಅಂದಾಜು ಮಾಡಬಹುದು.

ಈಗ ಕೆಲಸಕ್ಕೆ ಬರೋಣ. ಮೊದಲ ಗುರಿ ದಿನಬಳಕೆಯ ಒಂದು ಪೀಸೊ ನಾಣ್ಯಗಳ ಪೂರ್ತಿ ಸಾಲು.

ಶುರುವಿನದ್ದು 1972ರದು. ಕೈಯಲ್ಲಿ ಹಿಡಿದರೆ ದೊಡ್ಡದು ಅಂತ ತಕ್ಷಣ ಗೊತ್ತಾಗುತ್ತದೆ, ಅಗಲ 33 ಮಿಲಿಮೀಟರ್, ತೂಕ ಹದಿನಾಲ್ಕೂವರೆ ಗ್ರಾಂ ಹತ್ತಿರ. ತಾಮ್ರ, ನಿಕ್ಕಲ್ ಇರುವ ಮಿಶ್ರಲೋಹ. ಒಂದು ಕಡೆ ರಿಜಾಲ್, ಇನ್ನೊಂದು ಕಡೆ ದೇಶದ ಲಾಂಛನ. 1972 ಮತ್ತು 1974, ಈ ಎರಡು ಇಸವಿಯದ್ದು ಸಿಗುತ್ತದೆ. ಅದೇ 1972ರಲ್ಲಿ ಆಗಿನ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಮಿಲಿಟರಿ ಕಾನೂನು ಹೇರಿದ್ದು. ಅವರು ತಮ್ಮ ಆಡಳಿತಕ್ಕೆ ಇಟ್ಟುಕೊಂಡ ಹೆಸರು 'ಹೊಸ ಸಮಾಜ', 1975ರಿಂದ ಆ ಘೋಷಣೆ ನಾಣ್ಯದ ಮೇಲೂ ಬಂತು. ಆ ವರ್ಷದಿಂದ 1982ರವರೆಗಿನ ಒಂದು ಪೀಸೊದಲ್ಲಿ ಲಾಂಛನದ ಕಡೆ 'ಆಂಗ್ ಬಾಗೊಂಗ್ ಲಿಪುನಾನ್' ಅಂತ ಓದಬಹುದು. ನಾಣ್ಯ 29 ಮಿಲಿಮೀಟರಿಗೆ, ಒಂಬತ್ತೂವರೆ ಗ್ರಾಂಗೆ ಇಳಿದಿರುತ್ತದೆ. ಐದು ಪೀಸೊ ನಾಣ್ಯಕ್ಕೆ ಮಾರ್ಕೋಸ್ ತಮ್ಮ ಮುಖವನ್ನೇ ಹಾಕಿಸಿಕೊಂಡರು, ಒಂದು ಪೀಸೊ ಮಾತ್ರ ರಿಜಾಲ್‌ಗೇ ಉಳಿಯಿತು. ಈ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು ಅಂತ ನನ್ನ ಆಸೆ, ಹಾಗಾಗಿ ರಿಜಾಲ್ ಇಲ್ಲದಿದ್ದರೂ ಆ ಐದು ಪೀಸೊ ಒಂದು ತೆಗೆದಿಟ್ಟುಕೊಳ್ಳಿ.

ಮೂರನೆಯದು ನನಗೆ ತುಂಬಾ ಇಷ್ಟದ್ದು. 1983ರಲ್ಲಿ ಬಂದ ಗಿಡ-ಪ್ರಾಣಿಗಳ ಸರಣಿ. ಮುಂದೆ ರಿಜಾಲ್, ಹಿಂದೆ ತಮರಾವ್. ಮಿಂದೊರೊ ದ್ವೀಪ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಕುಳ್ಳ ಕಾಡೆಮ್ಮೆ ಅದು, ಈಗ ಅಳಿವಿನ ಅಂಚಿನಲ್ಲಿದೆ. ನೆಟ್ಟಗೆ ಹಿಂದಕ್ಕೆ ಚಾಚಿದ ಅದರ ಕೊಂಬು ನಾಣ್ಯದಲ್ಲಿ ಚೆನ್ನಾಗಿ ಮೂಡಿದೆ. ಈ ನಾಣ್ಯ ಎರಡು ಗಾತ್ರದಲ್ಲಿ ಬರುತ್ತದೆ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. 1983ರಿಂದ 1990ರವರೆಗೆ ದೊಡ್ಡದು, ಸುಮಾರು 29 ಮಿಲಿಮೀಟರ್. 1991ರಿಂದ 1994ರವರೆಗೆ ಚಿಕ್ಕದು, ಸ್ಟೇನ್‌ಲೆಸ್ ಸ್ಟೀಲಿನದು, ಇಪ್ಪತ್ತೊಂದೂವರೆ ಮಿಲಿಮೀಟರ್ ಆಸುಪಾಸು, ತೂಕ ಬರೀ 4 ಗ್ರಾಂ. ಎರಡೂ ಬೇಕು. ಇದೇ ಸರಣಿಯ 1983ರ ಐವತ್ತು ಸೆಂತಿಮೊದಲ್ಲಿ (ಸೆಂತಿಮೊ ಅಂದರೆ ಅಲ್ಲಿನ ಪೈಸೆ) ಹದ್ದಿನ ವೈಜ್ಞಾನಿಕ ಹೆಸರಿನ ಕಾಗುಣಿತ ತಪ್ಪಿ 'ಪಿಥೆಕೋಫಾಗಾ' ಬದಲು 'ಪಿಥೆಕೋಭಾಗಾ' ಅಂತ ಅಚ್ಚಾದದ್ದು ಇದೆ. ಅದರ ಮೇಲಿರುವುದು ರಿಜಾಲ್ ಕಾಲದ ಇನ್ನೊಬ್ಬ ಹೋರಾಟಗಾರ ಮಾರ್ಸೆಲೊ ದೆಲ್ ಪಿಲಾರ್, ರಿಜಾಲ್ ಅಲ್ಲ, ಆದರೂ ಚಿಲ್ಲರೆ ರಾಶಿಯಲ್ಲಿ ಕಂಡರೆ ಬಿಡಬೇಡಿ.

1995ರಲ್ಲಿ ಬಂದ ಸರಣಿಯಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ಈ ನಾಣ್ಯದ ಹಿಂದೆ ಅಲ್ಲಿನ ರಿಸರ್ವ್ ಬ್ಯಾಂಕಿನ, ಅಂದರೆ ಬಾಂಕೋ ಸೆಂಟ್ರಾಲ್ ಆಂಗ್ ಪಿಲಿಪಿನಾಸ್‌ನ ಮುದ್ರೆ ಇದೆ. ಆ ಮುದ್ರೆಯೊಳಗೆ 1993 ಅಂತ ಇದೆ. ಅದು ಬ್ಯಾಂಕು ಈಗಿನ ರೂಪಕ್ಕೆ ಬಂದ ಇಸವಿ, ನಾಣ್ಯ ಅಚ್ಚಾದ ಇಸವಿ ಅಲ್ಲ. ಅಚ್ಚಾದ ಇಸವಿ ರಿಜಾಲ್ ಇರುವ ಕಡೆ ಇರುತ್ತದೆ. '1993ರ ಅಪರೂಪದ ಪೀಸೊ' ಅಂತ ಈ ನಾಣ್ಯವನ್ನು ಮಾರಾಟಕ್ಕೆ ಇಟ್ಟಿದ್ದರೆ, ಮಾರುವವರಿಗೆ ಗೊತ್ತಿಲ್ಲ ಅಥವಾ ಗೊತ್ತಿದ್ದೂ ಹೇಳುತ್ತಿಲ್ಲ, ಎರಡರಲ್ಲಿ ಒಂದು. ಮುಂದೆ ಹೋಗಿ.

ಈ ಸರಣಿಗೇ ಒಂದು ಚಿಕ್ಕ ಮ್ಯಾಗ್ನೆಟ್ ಕೈಲಿಟ್ಟುಕೊಳ್ಳಿ, ಫ್ರಿಜ್ ಮೇಲೆ ಅಂಟಿಸುವಂಥದ್ದೇ ಸಾಕು. ಶುರುವಿನ ವರ್ಷಗಳ ಪೀಸೊ ತಾಮ್ರ-ನಿಕ್ಕಲ್, ತೂಕ 6.1 ಗ್ರಾಂ, ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. 2003ರ ಸುಮಾರಿಗೆ ಖರ್ಚು ಉಳಿಸೋಕೆ ನಿಕ್ಕಲ್ ಲೇಪದ ಉಕ್ಕಿಗೆ ಬದಲಾಯಿಸಿದರು, ತೂಕ 5.35 ಗ್ರಾಂಗೆ ಇಳಿಯಿತು, ಇದು ಟಪ್ ಅಂತ ಅಂಟಿಕೊಳ್ಳುತ್ತದೆ. ನೋಡೋಕೆ ಎರಡೂ ಒಂದೇ. ಹಾಗಾಗಿ 1995ರ ಸರಣಿಯಿಂದ ಒಂದಲ್ಲ, ಎರಡು ನಾಣ್ಯ ಇಡಬೇಕು, ಒಂದು ಅಂಟುವಂಥದ್ದು ಒಂದು ಅಂಟದ್ದು.

2011ರಲ್ಲಿ ನೂರೈವತ್ತನೇ ಜನ್ಮದಿನಕ್ಕೆ ಸ್ಮರಣಾರ್ಥ ಒಂದು ಪೀಸೊ ಬಂತು. ಸ್ಮರಣಾರ್ಥ ಅಂದ ಮಾತ್ರಕ್ಕೆ ಬೆಳ್ಳಿ ಬಂಗಾರ ಅಂದುಕೊಳ್ಳಬೇಡಿ, ಇದು ಚಲಾವಣೆಗೇ ಬಿಟ್ಟದ್ದು, ಚೌಕಾಸಿ ಮಾಡದೆ ಸಿಗುತ್ತದೆ.

ಕೊನೆಯದು ಈಗಿನದು. 2017ರ ಇಸವಿ ಹೊತ್ತು 2018ರಲ್ಲಿ ಜನರ ಕೈಗೆ ಬಂದ ಹೊಸ ತಲೆಮಾರಿನ ಸರಣಿ. 23 ಮಿಲಿಮೀಟರ್, 6 ಗ್ರಾಂ, ನಿಕ್ಕಲ್ ಲೇಪದ ಉಕ್ಕು. ಹಿಂದೆ ವಾಲಿಂಗ್-ವಾಲಿಂಗ್ ಅನ್ನುವ ಆರ್ಕಿಡ್ ಹೂವು, ದಾವಾವೊ ಕಡೆಯ ಕಾಡಿನದು. ಈ ಸರಣಿ ಬಂದಾಗ ಒಂದು, ಐದು, ಹತ್ತು ಪೀಸೊ ಎಲ್ಲಾ ಒಂದೇ ಬೆಳ್ಳಿ ಬಣ್ಣ, ಗಾತ್ರವೂ ಹತ್ತಿರ ಹತ್ತಿರ, ಜೀಪ್ನಿ ಅನ್ನುವ ಅಲ್ಲಿನ ಬಾಡಿಗೆ ಜೀಪುಗಳಲ್ಲಿ ಚಿಲ್ಲರೆ ಕೊಡುವಾಗ ಜನ ಗೊಂದಲಕ್ಕೆ ಬಿದ್ದರು. ಅದಕ್ಕೇ 2019ರ ಕೊನೆಯಲ್ಲಿ ಐದು ಪೀಸೊವನ್ನು ಒಂಬತ್ತು ಮೂಲೆಯದ್ದಾಗಿ ಬದಲಾಯಿಸಿದರು. ಒಂದು ಪೀಸೊ ದುಂಡಗೇ ಉಳಿಯಿತು.

ಇವನ್ನು ಎಲ್ಲಿಂದ ತರುವುದು? ಅಂಗಡಿಗೆ ಹೋಗುವ ಮೊದಲು ಗೊತ್ತಿರುವವರನ್ನು ಕೇಳಿ. ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರು ಎಂಬಿಬಿಎಸ್ ಓದೋಕೆ ಫಿಲಿಪ್ಪೀನ್ಸ್‌ಗೆ, ಅದರಲ್ಲೂ ದಾವಾವೊಗೆ ಹೋಗಿದ್ದಾರೆ. ರಜೆಗೆ ಬರುವಾಗ ಅವರ ಬ್ಯಾಗಿನ ಮೂಲೆಯಲ್ಲಿ ಚಿಲ್ಲರೆ ಇದ್ದೇ ಇರುತ್ತದೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಾದರೆ ನಿಮಗೆ ಇನ್ನೂ ಸುಲಭ, ಗಲ್ಫಿನಲ್ಲಿ ಕೆಲಸ ಮಾಡುವ ಅಣ್ಣ, ಮಾವ ಯಾರಾದರೂ ಇರುತ್ತಾರೆ, ಅವರ ಆಫೀಸಲ್ಲೋ ಆಸ್ಪತ್ರೆಯಲ್ಲೋ ಫಿಲಿಪ್ಪೀನ್ಸ್‌ನವರು ಇಲ್ಲದೆ ಇರುವುದಿಲ್ಲ. ಹಡಗಿನಲ್ಲಿ ಕೆಲಸ ಮಾಡುವವರಿಗಂತೂ ಅವರೇ ದಿನಾ ಜೊತೆಗಾರರು. 'ನಿಮ್ಮ ರಿಜಾಲ್ ನಾಣ್ಯ ಬೇಕು, ಯಾವ ವರ್ಷದ್ದಾದರೂ ಪರವಾಗಿಲ್ಲ' ಅಂತ ಕೇಳಿಸಿ. ತಮ್ಮ ದೇಶದ ನಾಯಕನ ಹೆಸರು ಹೇಳಿ ಕೇಳಿದರೆ ಯಾರಿಗೆ ಖುಷಿಯಾಗುವುದಿಲ್ಲ? ಬದಲಿಗೆ ನಮ್ಮ ನಾಣ್ಯ ನಾಲ್ಕು ಕಳಿಸಿ. ಬೇಕಾದಷ್ಟೇ ಕೇಳಿ ಮತ್ತೆ, ಚೀಲಗಟ್ಟಲೆ ಬೇಡ. ನಾಣ್ಯ ಮನೆಯಲ್ಲಿ ಕೂಡಿಡಬೇಡಿ, ಚಲಾವಣೆಗೆ ಬಿಡಿ ಅಂತ ಅಲ್ಲಿನ ಬ್ಯಾಂಕು ಜನರಿಗೆ ಹೇಳುತ್ತಲೇ ಇರುತ್ತದೆ. 2023ರಲ್ಲಿ ಮನಿಲಾ ಸುತ್ತಲಿನ ಮಾಲ್‌ಗಳಲ್ಲಿ ಇದಕ್ಕೇ ಅಂತ ನಾಣ್ಯ ಹಾಕುವ ಯಂತ್ರಗಳನ್ನೂ ಇಟ್ಟರು.

ಹೀಗೆ 1995ರ ನಂತರದ್ದೆಲ್ಲಾ ಹೆಚ್ಚುಕಡಿಮೆ ಪುಕ್ಕಟೆ ಸಿಗುತ್ತದೆ. 1994ರವರೆಗಿನದ್ದು ಚಲಾವಣೆಯಲ್ಲಿಲ್ಲ, 1998ರಲ್ಲೇ ರದ್ದಾದವು. ಅವಕ್ಕೆ ನಾಣ್ಯ ವ್ಯಾಪಾರಿಗಳ ಹತ್ತಿರ ಹೋಗಬೇಕು. ಬೆಂಗಳೂರಿನಲ್ಲಿ ನಡೆಯುವ ನಾಣ್ಯ ಪ್ರದರ್ಶನಗಳಲ್ಲಿ ವಿದೇಶಿ ನಾಣ್ಯಗಳನ್ನು ಡಬ್ಬಿಯಲ್ಲಿ ರಾಶಿ ಹಾಕಿ ಒಂದೇ ರೇಟಿಗೆ ಕೊಡುವ ಮೇಜುಗಳಿರುತ್ತವೆ. ಅಲ್ಲಿ ಕೂತು ಹುಡುಕಿ. ನಿಧಾನಕ್ಕೆ ಹುಡುಕಿದರೆ ಮಾರ್ಕೋಸ್ ಕಾಲದ ಪೀಸೊ, ತಮರಾವ್ ಎರಡೂ ಸಿಗುತ್ತವೆ. ಅಂಥ ಕಡೆ ಸಿಗದೆ ಇರಬಹುದಾದ್ದು ಒಳ್ಳೆ ಸ್ಥಿತಿಯ 1972ರದ್ದು. ರಿಜಾಲ್ ಅವರ ಕೂದಲಿನ ಗೆರೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಹಣೆಯ ಮೇಲೆ ಎಬ್ಬಿಸಿ ಬಾಚಿದ ಕೂದಲು ಉಬ್ಬಾಗಿ ಇರುವುದರಿಂದ ಸವೆಯುವುದು ಅಲ್ಲೇ ಮೊದಲು. ಅಲ್ಲಿ ಗೆರೆ ಗೆರೆಯಾಗಿ ಕಂಡರೆ ಒಳ್ಳೆ ನಾಣ್ಯ, ನುಣ್ಣಗೆ ಬೋಳಾಗಿದ್ದರೆ ಸವಕಲು. ಸವಕಲಿಗೆ ಜಾಸ್ತಿ ಕೊಡಬೇಡಿ. 1970ರ ದಶಕದಲ್ಲಿ ಅಮೆರಿಕದ ಫ್ರಾಂಕ್ಲಿನ್ ಮಿಂಟ್ ಸಂಗ್ರಾಹಕರಿಗಾಗಿ ಪ್ರೂಫ್ ಸೆಟ್ ಮಾಡಿ ಮಾರಿತ್ತು, ಕನ್ನಡಿಯಂತೆ ಹೊಳೆಯುತ್ತವೆ. ಚಂದವೇ, ಆದರೆ ಅವು ಯಾರ ಜೇಬಿನಲ್ಲೂ ಓಡಾಡಿಲ್ಲ. ನನಗೆ ಜೇಬಿನಲ್ಲಿ ಓಡಾಡಿದ್ದೇ ಮೇಲು.

ಈ ಸಾಲು ಪೂರ್ತಿಯಾಗುವವರೆಗೆ ಬೆಳ್ಳಿ ನಾಣ್ಯಕ್ಕೆ ಕೈ ಹಾಕಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಅಷ್ಟು ಹೊತ್ತಿಗೆ ಆ ಮುಖ ನಿಮ್ಮ ಕಣ್ಣಿಗೆ ಪಳಗಿರುತ್ತದೆ. ಕೆತ್ತನೆ ಸರಿಯಿಲ್ಲದಿದ್ದರೆ ಏನೋ ಎಡವಟ್ಟಾಗಿದೆ ಅಂತ ತಾನಾಗೇ ಅನಿಸುತ್ತದೆ.

ಬೆಳ್ಳಿಯದ್ದು 1961ರದು. ಜನ್ಮ ಶತಮಾನೋತ್ಸವಕ್ಕೆ ಒಂದು ಪೀಸೊ ಮತ್ತು ಅರ್ಧ ಪೀಸೊ ಅಂತ ಎರಡು ನಾಣ್ಯ, ಒಂದೊಂದೂ ಒಂದು ಲಕ್ಷ ಮಾತ್ರ. ನೂರಕ್ಕೆ ತೊಂಬತ್ತು ಭಾಗ ಬೆಳ್ಳಿ. ಪೀಸೊ ಸುಮಾರು 26 ಗ್ರಾಂ, ಅರ್ಧ ಪೀಸೊ ಹನ್ನೆರಡೂವರೆ ಗ್ರಾಂ. ಲೆಕ್ಕ ಸುಲಭ: 26 ಗ್ರಾಂನಲ್ಲಿ ಶುದ್ಧ ಬೆಳ್ಳಿ 23.4 ಗ್ರಾಂ. ಕೊಳ್ಳುವ ದಿನ ಬೆಳ್ಳಿಯ ಗ್ರಾಂ ರೇಟು ನೋಡಿ 23.4ರಿಂದ ಗುಣಿಸಿ. ಬಂದದ್ದು ತಳದ ಬೆಲೆ. ಅದರ ಮೇಲೆ ಎಷ್ಟು ಕೇಳುತ್ತಿದ್ದಾರೆ ಅನ್ನುವುದಷ್ಟೇ ಚರ್ಚೆ. ತಳದ ಬೆಲೆಗಿಂತ ತೀರಾ ಕಡಿಮೆಗೆ ಕೊಡ್ತೀನಿ ಅಂದರೆ ಖುಷಿಪಡಬೇಡಿ, ಅದು ಬೆಳ್ಳಿಯೇ ಆಗಿರಲಾರದು.

ಮನೆಯಲ್ಲೇ ಪರೀಕ್ಷೆ ಮಾಡುವ ವಿಧಾನ ಹೇಳುತ್ತೇನೆ, ನಾಣ್ಯಕ್ಕೆ ಏನೂ ಆಗುವುದಿಲ್ಲ. ಗ್ರಾಂನ ನೂರನೇ ಒಂದು ಭಾಗದವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಮೊದಲು ನಾಣ್ಯ ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ಚಿಕ್ಕದೊಂದು ಪ್ಲಾಸ್ಟಿಕ್ ಲೋಟದಲ್ಲಿ ನೀರು ತುಂಬಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳ್ಳನೆ ದಾರ ಸುತ್ತಿ ನೀರಿಗೆ ಇಳಿಬಿಡಿ. ಪೂರ್ತಿ ಮುಳುಗಬೇಕು, ಆದರೆ ತಳಕ್ಕೂ ಪಕ್ಕಕ್ಕೂ ತಾಗಬಾರದು, ದಾರವನ್ನು ಕೈಯಲ್ಲೇ ಹಿಡಿದಿರಿ. ಈಗ ತಕ್ಕಡಿ ಒಂದು ಸಂಖ್ಯೆ ತೋರಿಸುತ್ತದಲ್ಲ, ಅದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮೊದಲು ಬರೆದ ತೂಕವನ್ನು ಇದರಿಂದ ಭಾಗಿಸಿ. 90 ಭಾಗ ಬೆಳ್ಳಿಯಾದರೆ ಉತ್ತರ 10.3ರ ಹತ್ತಿರ ಬರಬೇಕು. ಅಂದರೆ 26 ಗ್ರಾಂ ಪೀಸೊಗೆ ತಕ್ಕಡಿ ಎರಡೂವರೆ ಗ್ರಾಂ ತೋರಿಸಿದರೆ ಸರಿ. ತಾಮ್ರ-ನಿಕ್ಕಲ್‌ಗೆ ಬೆಳ್ಳಿ ಲೇಪ ಕೊಟ್ಟ ನಕಲಿಯಾದರೆ 2.9 ತೋರಿಸುತ್ತದೆ, ಉತ್ತರ 9ರ ಒಳಗೇ ನಿಲ್ಲುತ್ತದೆ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ, ಹಾಗಾಗಿ ದಾರ ಮೆಲ್ಲಗೆ ಅಲ್ಲಾಡಿಸಿ ಗುಳ್ಳೆ ಬಿಡಿಸಿ. ಎರಡು ಮೂರು ಸಲ ಮಾಡಿ ಸರಾಸರಿ ತೆಗೆದುಕೊಳ್ಳಿ. ಕೊನೆಗೆ ಹತ್ತಿಬಟ್ಟೆಯ ಮೇಲಿಟ್ಟು ಮೇಲಿಂದ ಒತ್ತಿ ನೀರು ಹೀರಿಸಿ, ಉಜ್ಜಬೇಡಿ.

ಇದರ ಜೊತೆಗೆ ಅಂಚು ನೋಡಿ. ಅಚ್ಚು ಹೊಡೆದ ನಾಣ್ಯದ ಅಂಚಿನ ಗೆರೆಗಳು ಚೂಪಾಗಿ, ಸಮನಾಗಿ ಇರುತ್ತವೆ. ಎರಕ ಹೊಯ್ದ ನಕಲಿಯಲ್ಲಿ ಅಂಚಿನ ಸುತ್ತ ಎರಡು ಹೋಳು ಸೇರಿದ ಸಣ್ಣ ಗೀಟು ಕಾಣಬಹುದು, ಅಕ್ಷರಗಳ ಬುಡ ಕರಗಿದ ಹಾಗೆ ಮೊಂಡಾಗಿರುತ್ತದೆ, ಚಿತ್ರ, ಅಕ್ಷರ ಇಲ್ಲದ ಖಾಲಿ ಜಾಗದಲ್ಲಿ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ.

1961ರದ್ದು ಸಿಕ್ಕಿದ ಮೇಲೆ ಕೈ ಅಲ್ಲಿಗೇ ನಿಲ್ಲುವುದು ಕಷ್ಟ. ಅದೇ ಜಾತಿಯ ಬೆಳ್ಳಿ ಪೀಸೊಗಳು 1963ರಲ್ಲಿ ಬೋನಿಫಾಸಿಯೊ, 1964ರಲ್ಲಿ ಮಾಬಿನಿ, 1969ರಲ್ಲಿ ಅಗಿನಾಲ್ಡೊ ನೆನಪಿಗೆ ಬಂದವು. ರಿಜಾಲ್ ಜೊತೆ ಈ ಮೂವರನ್ನು ಇಟ್ಟರೆ ಸ್ಪೇನ್ ವಿರುದ್ಧದ ಹೋರಾಟದ ನಾಲ್ಕು ದೊಡ್ಡ ಹೆಸರು ಒಂದೇ ಪುಟದಲ್ಲಿ ಸೇರುತ್ತವೆ. ಅಂದಹಾಗೆ, ರಿಜಾಲ್ ಅವರನ್ನು ರಾಷ್ಟ್ರನಾಯಕ ಅಂತ ಘೋಷಿಸಿದ ಒಂದು ಕಾನೂನು ಫಿಲಿಪ್ಪೀನ್ಸ್‌ನಲ್ಲಿ ಇಲ್ಲವೇ ಇಲ್ಲ. 1995ರಲ್ಲಿ ಸರ್ಕಾರದ ಸಮಿತಿಯೊಂದು ಒಂಬತ್ತು ಜನರ ಪಟ್ಟಿ ಕೊಟ್ಟಿತು, ಅದಕ್ಕೂ ಅಧಿಕೃತ ಮುದ್ರೆ ಬೀಳಲಿಲ್ಲ. ಜನ ಒಪ್ಪಿಕೊಂಡದ್ದಷ್ಟೇ ಇರುವುದು. ಇಂಥ ಕಡೆ ನಾಣ್ಯ ಮತ್ತು ಪದಕಗಳೇ ದೊಡ್ಡ ದಾಖಲೆ, ನನಗೆ ಈ ಸಂಗ್ರಹದ ಮೇಲೆ ಇಷ್ಟು ಪ್ರೀತಿ ಇರುವುದು ಅದಕ್ಕೇ.

ಈಗ ಪದಕ. ನಾಣ್ಯಕ್ಕೂ ಪದಕಕ್ಕೂ ವ್ಯತ್ಯಾಸ ಹೇಗೆ ತಿಳಿಯುವುದು ಅಂದರೆ, ಮುಖಬೆಲೆ ಹುಡುಕಿ. ಪೀಸೊ, ಸೆಂತಿಮೊ ಅಂತ ಎಲ್ಲೂ ಇಲ್ಲದಿದ್ದರೆ ಅದು ಪದಕ, ಎಷ್ಟೇ ನಾಣ್ಯದ ಹಾಗೆ ಕಂಡರೂ ಸರಿ. ಮೇಲೆ ಕೊಂಡಿ ಇದೆಯಾ, ಅಥವಾ ಇದ್ದ ಕೊಂಡಿ ಕತ್ತರಿಸಿ ಉಜ್ಜಿದ ಗುರುತು ಇದೆಯಾ ನೋಡಿ. ಹನ್ನೆರಡು ಗಂಟೆಯ ಜಾಗದಲ್ಲಿ ಅಂಚು ಚಪ್ಪಟೆಯಾಗಿದ್ದರೆ ಬಹುಪಾಲು ಕೊಂಡಿ ಕಿತ್ತದ್ದೇ, ಬೆಲೆ ಇಳಿಸಿ ಕೇಳಿ.

ನಾಣ್ಯ ಹೊಡೆಸುವ ಅಧಿಕಾರ ಒಬ್ಬರದ್ದೇ. ಪದಕಗಳದ್ದು ಹಾಗಲ್ಲ. ಸರ್ಕಾರ, ಶಾಲೆ, ಸಂಘ, ಊರ ಸಮಿತಿ, ಯಾರು ಬೇಕಾದರೂ ಹೊಡೆಸಬಹುದು, ಹಾಗಾಗಿ ರಿಜಾಲ್ ಪದಕಗಳ ಪೂರ್ತಿ ಸಂಗ್ರಹ ಅನ್ನುವ ಆಸೆಯನ್ನು ಈಗಲೇ ಬಿಟ್ಟುಬಿಡಿ. ಅದರ ಬದಲು ಒಂದು ವಿಷಯ ಆರಿಸಿಕೊಳ್ಳಿ. ನನ್ನ ಆಯ್ಕೆ 1961ರ ಶತಮಾನೋತ್ಸವದವು, ಯಾಕೆಂದರೆ ಬೆಳ್ಳಿ ನಾಣ್ಯದ ಪಕ್ಕದಲ್ಲಿ ಇಟ್ಟಾಗ ಒಂದೇ ವರ್ಷದಲ್ಲಿ ಒಂದೇ ಮುಖವನ್ನು ಬೇರೆ ಬೇರೆ ಕೆತ್ತನೆಗಾರರು ಹೇಗೆ ಕಂಡರು ಅಂತ ಹೋಲಿಸಬಹುದು. ಇನ್ನು ಕೆಲವರು ಸ್ಮಾರಕದ ಚಿತ್ರ ಇರುವ ಪದಕಗಳ ಹಿಂದೆ ಬೀಳುತ್ತಾರೆ. ಮನಿಲಾದ ಲುನೆಟಾದಲ್ಲಿರುವ ರಿಜಾಲ್ ಸ್ಮಾರಕ ಸ್ವಿಸ್ ಶಿಲ್ಪಿ ರಿಚರ್ಡ್ ಕಿಸ್ಲಿಂಗ್ ಅವರದು, 1913ರಲ್ಲಿ ಅನಾವರಣವಾಯಿತು. ಎತ್ತರದ ಕಂಬದ ಮುಂದೆ ಉದ್ದ ಕೋಟು ತೊಟ್ಟು ಕೈಯಲ್ಲಿ ಪುಸ್ತಕ ಹಿಡಿದು ನಿಂತ ಆಕೃತಿ ಕಂಡರೆ ಅದೇ ಅಂತ ತಿಳಿಯಿರಿ.

ಒಂದು ಎಚ್ಚರಿಕೆ. ನೈಟ್ಸ್ ಆಫ್ ರಿಜಾಲ್ ಅನ್ನುವ ಸಂಘ ಇದೆ, 1911ರಲ್ಲಿ ಶುರುವಾದದ್ದು, 1951ರಲ್ಲಿ ಕಾನೂನಿನ ಮಾನ್ಯತೆ ಪಡೆದದ್ದು. ಅದರ ಸದಸ್ಯರು ಕೊರಳಿಗೆ ಹಾಕುವ ಪದಕಗಳೂ ಮಾರುಕಟ್ಟೆಯಲ್ಲಿ ತಿರುಗುತ್ತವೆ. ಅವು ಸದಸ್ಯತ್ವದ ಗುರುತು, ಸ್ಮರಣೆಗೆ ಹೊಡೆಸಿದ ಪದಕ ಅಲ್ಲ. ಕೊಂಡರೆ ಹಾಗಂತಲೇ ಬರೆದಿಡಿ, ಹಾಕಿಕೊಂಡು ಓಡಾಡಬೇಡಿ, ಅದು ಅವರಿಗೆ ಗೌರವದ ವಸ್ತು.

ಪದಕ ಕೈಗೆ ಬಂದ ದಿನವೇ ಅಂಚನ್ನು ದೀಪದ ಕೆಳಗೆ ಒಂದು ಸುತ್ತು ತಿರುಗಿಸಿ ನೋಡಿ. ತಯಾರಕರ ಹೆಸರು, 925 ಅಥವಾ ಸ್ಟರ್ಲಿಂಗ್ ಅನ್ನುವ ಗುರುತು (ಸಾವಿರಕ್ಕೆ 925 ಭಾಗ ಬೆಳ್ಳಿ ಅಂತ ಅರ್ಥ), ಇದ್ದರೆ ಅಲ್ಲೇ ಇರುತ್ತದೆ, ಇಲ್ಲವೇ ಹಿಂಬದಿಯ ತಳದಲ್ಲಿ ಸಣ್ಣಕ್ಷರದಲ್ಲಿ. ಗುರುತು ಇಲ್ಲ ಅಂದರೆ ಬೆಳ್ಳಿ ಅಂತ ಬಾಯಿಮಾತಿಗೆ ನಂಬದೆ ಮೇಲೆ ಹೇಳಿದ ನೀರಿನ ಪರೀಕ್ಷೆಯನ್ನೇ ಮಾಡಿ. ಸ್ಟರ್ಲಿಂಗ್‌ಗೂ ಉತ್ತರ 10.3ರಿಂದ 10.4 ಬರಬೇಕು. ಕೊಂಡಿಗೆ ಬೇರೆ ಲೋಹ ಬೆಸೆದಿದ್ದರೆ ಸ್ವಲ್ಪ ಆಚೀಚೆ ಆಗುತ್ತದೆ.

ಸ್ವಚ್ಛ ಮಾಡುವ ವಿಷಯಕ್ಕೆ ಬಂದರೆ, ಮಾಡಬೇಡಿ. ನಮ್ಮ ಮನೆಗಳಲ್ಲಿ ಹಿತ್ತಾಳೆ ತಂಬಿಗೆ, ತಾಮ್ರದ ಹಂಡೆ ಕಂಡರೆ ಹುಣಸೆಹಣ್ಣು ಕೈಗೆ ಬರುತ್ತದೆ. ಕಂಚಿನ ಪದಕದ ಮೇಲೆ ಅದನ್ನು ಉಜ್ಜಿದರೆ ಅರವತ್ತು ವರ್ಷದಿಂದ ಕೂತ ಕಂದು ಬಣ್ಣ ಐದು ನಿಮಿಷದಲ್ಲಿ ಹೋಗಿ, ಕೆಂಪಗೆ ಹೊಳೆಯುತ್ತದೆ, ಮತ್ತೆ ಆ ಬಣ್ಣ ಬರುವುದಿಲ್ಲ. ಬೆಳ್ಳಿಗೆ ವಿಭೂತಿ, ಟೂತ್‌ಪೇಸ್ಟ್, ಅಡುಗೆ ಸೋಡಾ ಯಾವುದೂ ಬೇಡ. ಬೆಳ್ಳಿ ಕಪ್ಪಾಗುವುದು ಸಹಜ, ಸಂಗ್ರಾಹಕರಿಗೆ ಅದೇ ಬೇಕು. ಮನೆಯಲ್ಲಿ ದೊಡ್ಡವರು ಪ್ರೀತಿಯಿಂದ ತಿಕ್ಕಿ ಕೊಡುವ ಸಾಧ್ಯತೆ ಇರುವುದರಿಂದ ಅವರಿಗೂ ಮೊದಲೇ ಹೇಳಿಡಿ.

ಇಡುವುದಕ್ಕೆ ಮೆತ್ತಗಿನ ಪಿವಿಸಿ ಕವರುಗಳ ಆಲ್ಬಮ್ ಬೇಡ. ಅಗ್ಗ ನಿಜ, ಆದರೆ ಕೆಲವು ವರ್ಷಕ್ಕೆ ಅದು ಜಿಡ್ಡು ಬಿಟ್ಟು ನಾಣ್ಯದ ಮೇಲೆ ಹಸಿರು ಪಾಚಿಯಂಥ ಪದರ ಕೂರುತ್ತದೆ. ಹೊಸ ಕವರಿನಲ್ಲಿ ಪ್ಲಾಸ್ಟಿಕ್ ವಾಸನೆ ಗಪ್ ಅಂತ ಮೂಗಿಗೆ ಹೊಡೆದರೆ ಅದೇ ಲಕ್ಷಣ. ರಟ್ಟಿನ ಚೌಕದ ಹೋಲ್ಡರ್ ಅಥವಾ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಕರಾವಳಿ, ಮಲೆನಾಡಿನವರು ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲಕ್ಕೆ ಮುಂಚೆ ಬದಲಾಯಿಸಿ. 2003ರ ನಂತರದ ಉಕ್ಕಿನ ಪೀಸೊಗಳಿಗೆ ಇದು ಇನ್ನೂ ಮುಖ್ಯ, ಲೇಪ ಎಲ್ಲಾದರೂ ಕಿತ್ತಿದ್ದರೆ ಅಲ್ಲಿಂದ ತುಕ್ಕು ಶುರು. ಹಿಡಿಯುವಾಗ ಅಂಚನ್ನೇ ಹಿಡಿಯಿರಿ.

ಹಣದ ವಿಷಯ. ಹಳೆ ನಾಣ್ಯಕ್ಕೆ ಲಕ್ಷ ಲಕ್ಷ ಕೊಡ್ತೀವಿ ಅನ್ನುವ ವಿಡಿಯೊ, ಜಾಹೀರಾತು ಎಲ್ಲರ ಫೋನಿಗೂ ಬರುತ್ತವೆ. ತಮ್ಮ ಹೆಸರು ಹೇಳಿಕೊಂಡು ಕಮಿಷನ್, ತೆರಿಗೆ ಅಂತ ಮುಂಗಡ ಕೇಳುವವರನ್ನು ನಂಬಬೇಡಿ ಅಂತ ನಮ್ಮ ರಿಸರ್ವ್ ಬ್ಯಾಂಕೇ 2021ರಲ್ಲಿ ಪ್ರಕಟಣೆ ಕೊಟ್ಟಿತ್ತು. ಮಾಮೂಲಿ ರಿಜಾಲ್ ಪೀಸೊ ಮಾಮೂಲಿಯೇ, ಈಗಿನ ಲೆಕ್ಕದಲ್ಲಿ ಒಂದೂವರೆ ರೂಪಾಯಿ ಆಸುಪಾಸು. ವಿದೇಶದಿಂದ ಅಂಚೆಯಲ್ಲಿ ತರಿಸಿದರೆ ಕಸ್ಟಮ್ಸ್ ಸುಂಕ ಬೀಳಬಹುದು, ಅದನ್ನೂ ಸೇರಿಸಿ ಲೆಕ್ಕ ಹಾಕಿ. ಇನ್ನೊಂದು, ಪೀಸೊಗೆ ತೂತು ಕೊರೆದು ಲಾಕೆಟ್, ಉಂಗುರ ಮಾಡಿಸುವ ಯೋಚನೆ ಇದ್ದರೆ ಕೈಬಿಡಿ. ಚಲಾವಣೆಯ ಹಣವನ್ನು ವಿರೂಪ ಮಾಡುವುದು ಫಿಲಿಪ್ಪೀನ್ಸ್‌ನಲ್ಲಿ 1973ರ ಆಜ್ಞೆಯ ಪ್ರಕಾರ ಅಪರಾಧ, ಐದು ವರ್ಷದವರೆಗೆ ಜೈಲು ಇದೆ. ಅಲ್ಲಿ ಓದುವ ಮಕ್ಕಳಿಗೆ ಇದನ್ನು ಹೇಳಿಡುವುದು ಒಳ್ಳೆಯದು.

ಕೊನೆಯದಾಗಿ ದಾಖಲೆ. ಪ್ರತಿ ನಾಣ್ಯಕ್ಕೂ ಪದಕಕ್ಕೂ ಒಂದು ಚೀಟಿ ಬರೆಯಿರಿ. ಇಸವಿ, ಸರಣಿ, ಲೋಹ, ನೀವೇ ತೂಗಿದ ತೂಕ, ನೀವೇ ಅಳೆದ ಅಗಲ, ಮ್ಯಾಗ್ನೆಟ್‌ಗೆ ಅಂಟಿತಾ ಇಲ್ಲವಾ, ಯಾರಿಂದ ಬಂತು, ಯಾವಾಗ, ಎಷ್ಟು ಕೊಟ್ಟಿರಿ. ಪದಕವಾದರೆ ಮೇಲಿನ ಬರಹವನ್ನು ಅಕ್ಷರ ಬಿಡದೆ ನಕಲು ಮಾಡಿ, ಎರಡೂ ಕಡೆ ಮತ್ತು ಅಂಚಿನ ಫೋಟೊ ತೆಗೆಯಿರಿ. ಫೋಟೊಗೆ ಫ್ಲಾಶ್ ಬೇಡ, ಬೆಳಗಿನ ಹೊತ್ತು ಕಿಟಕಿ ಪಕ್ಕ ಇಟ್ಟು ಬೆಳಕು ಓರೆಯಾಗಿ ಬೀಳುವ ಹಾಗೆ ತೆಗೆದರೆ ಕೆತ್ತನೆಯ ಉಬ್ಬು ತಗ್ಗು ಸರಿಯಾಗಿ ಕಾಣುತ್ತದೆ. ಮುಂದೆ ಯಾವತ್ತಾದರೂ ಮನಿಲಾಗೆ ಹೋಗುವ ಅವಕಾಶ ಬಂದರೆ ಆ ಫೋಟೊಗಳನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ. ಮಲಾತೆಯಲ್ಲಿ ಬಾಂಕೋ ಸೆಂಟ್ರಾಲ್‌ನ ಹಣದ ಮ್ಯೂಸಿಯಂ ಇದೆ, ಹೊರಡುವ ಮೊದಲು ತೆರೆದಿರುವ ದಿನ ವಿಚಾರಿಸಿಕೊಳ್ಳಿ. ಅಲ್ಲಿಂದ ಇಂತ್ರಮುರೋಸ್ ಕೋಟೆ ದೂರವಿಲ್ಲ. ಅದರೊಳಗಿನ ಫೋರ್ಟ್ ಸ್ಯಾಂಟಿಯಾಗೊದಲ್ಲಿ ರಿಜಾಲ್ ಅವರನ್ನು ಕೊನೆಯ ದಿನಗಳಲ್ಲಿ ಇಟ್ಟಿದ್ದ ಜಾಗವನ್ನು ನೋಡಬಹುದು, ಅಲ್ಲಿಂದ ಅವರು ನಡೆದ ದಾರಿಯನ್ನು ಕಂಚಿನ ಹೆಜ್ಜೆಗಳಲ್ಲಿ ನೆಲದ ಮೇಲೆ ಗುರುತು ಮಾಡಿದ್ದಾರೆ.